ತಮ್ಮನ ಮುಂದಿನ ಹಲ್ಲು

ಚೈಕ್ಕಮಿ ಕಡಲಂಚು
ಅಕ್ಟೋಬರ್ ೧೪

ಮಗಳು ಯೂ ವಾಡಿಗೆ,

ಇದನ್ನು ಬರೆಯುತ್ತಿರುವವಳು ನಿನ್ನ ತಾಯಿ ಡೋ ಮ್ಯಾ ಯಿನ್. ಏಳು ದೋಣಿಗಳ ಒಡತಿ. ನಾನು ಹೂಂ ಅನ್ನದೆ ಈ ಊರಿನಲ್ಲಿ ಬಲೆ ನೀರಿಗಿಳಿಯುವುದಿಲ್ಲ. ಎರಡು ವರ್ಷದಿಂದ ನೀನು ನನ್ನ ಮುಖ ನೋಡಿಲ್ಲ, ಆದ್ದರಿಂದ ನೆನಪಿಸಿದೆ. ನಿನ್ನ ಆರೋಗ್ಯ ಹೇಗಿದೆ? ಯಾಂಗೋನಿನಲ್ಲಿ ಇಡೀ ದಿನ ಬಗ್ಗಿ ನಿಂತು ಹಲ್ಲು ನೋಡುತ್ತೀಯ, ಸೊಂಟ ನೋವು ಕಡಿಮೆಯಾಯಿತೇ? ನನ್ನ ಮಂಡಿ ಹಾಗೆಯೇ ಇದೆ.

ದೋಣಿ ಮುಳುಗಿದ ಸುದ್ದಿ ನಿನಗೆ ತಲುಪಿದೆ. ನಿನ್ನ ತಮ್ಮ ಪ್ಯೆ ಸೋನ್ ಮತ್ತು ಇನ್ನಿಬ್ಬರು ಹುಡುಗರು ಅದರಲ್ಲಿದ್ದರು. ಹದಿನೆಂಟನೆಯ ದಿನ ಉಬ್ಬರದ ನೀರು ಒಂದು ಹೆಣವನ್ನು ತಂದು ಹಾಕಿತು. ಒಂದೇ. ಮುಖ ಇರಲಿಲ್ಲ, ಬಟ್ಟೆ ಇರಲಿಲ್ಲ. ಮೂವರು ತಾಯಂದಿರು ಮರಳಿನಲ್ಲಿ ನಿಂತೆವು. ಊರಿನ ಮುಖ್ಯಸ್ಥ ತಲೆ ಕೆರೆದುಕೊಂಡು, "ಮೂವರೂ ಒಂದೇ ಎತ್ತರ, ಮೂವರೂ ಎಲೆಯಡಿಕೆ ಬಾಯಿಯವರೇ. ಯಾರು ಅಂತ ಹೇಳೋದು, ದೊಡ್ಡಮ್ಮಾ?" ಅಂದ. ನಾನು ಕೂತು ಬೂದಿ, ಮರಳು, ಒದ್ದೆ ಬಟ್ಟೆ ತೆಗೆದುಕೊಂಡು ಆ ಹಲ್ಲುಗಳನ್ನು ತಿಕ್ಕಿದೆ. ಒಬ್ಬಳು ಅತ್ತಳು, ಇನ್ನೊಬ್ಬಳು "ಬಿಡಿ ಅಮ್ಮಾ" ಅಂದಳು. ಬಿಡಲಿಲ್ಲ. ಕೆಂಪು ಹೋಗಿ ಹಲ್ಲು ಬಿಳುಪಾಯಿತು. ಮುಂದಿನ ಹಲ್ಲಿನ ಮೂಲೆ ಮಾತ್ರ, ಅಕ್ಕಿಕಾಳಿನಷ್ಟು, ಕಂದಾಗಿಯೇ ಉಳಿಯಿತು. ಉಗುರಿನಿಂದ ಕೆರೆದೆ. ಹೋಗಲಿಲ್ಲ.

ಬಲೆಯ ಗಂಟನ್ನು ಕಚ್ಚಿ ಬಿಡಿಸುವಾಗ ಅವನು ಮುರಿದುಕೊಂಡಿದ್ದ ಹಲ್ಲು ಅದು. ಅವನ ನಿಶ್ಚಿತಾರ್ಥಕ್ಕೆ ಮುಂಚೆ ನೀನೇ ಹಲ್ಲಿನ ಬಣ್ಣದ ಸಿಮೆಂಟು ತುಂಬಿಸಿದ್ದೆ. ಎಲ್ಲಿ ಕೂಡಿಸಿದ್ದೀಯ ಎಂದು ನನ್ನ ಕಣ್ಣಿಗೂ ತಿಳಿದಿರಲಿಲ್ಲ. "ಅಮ್ಮಾ, ಎರಡು ದಿನ ಎಲೆಯಡಿಕೆ, ಚಹಾ ಎರಡೂ ಬೇಡ. ಹೊಸತು ಬಣ್ಣ ಕುಡಿಯುತ್ತೆ. ಆಮೇಲೂ ಕಡಿಮೆ ಮಾಡ್ಲಿ" ಅಂದಿದ್ದೆ. "ಅಕ್ಕಾ, ಹಾಗಾದ್ರೆ ನನ್ನ ಬಾಯಿಗೊಂದು ಬೀಗ ಹಾಕಿ ಕೀಲಿ ನೀನೇ ಇಟ್ಕೋ" ಎಂದು ಅವನು ನಕ್ಕಿದ್ದ. ತಿಂಗಳೊಳಗೆ ಅದು ಕಂದಾಯಿತು. ನಿಶ್ಚಿತಾರ್ಥದ ಊಟದಲ್ಲಿ ಹುಡುಗಿಯ ಸೋದರತ್ತೆ, "ಏನ್ರೀ, ಹುಡುಗನ ಹಲ್ಲಿಗೆ ತುಕ್ಕು ಹಿಡಿದಿದೆಯಾ?" ಅಂದಾಗ ನಾನು ಎಲ್ಲರೆದುರು, "ನನ್ನ ಮಗಳ ಕೈಕೆಲಸ. ಪಟ್ಟಣದಲ್ಲಿ ಓದಿ ಕಲಿತದ್ದು ಇಷ್ಟೇ" ಅಂದೆ. ನೀನು ತಟ್ಟೆ ಬಿಟ್ಟು ಎದ್ದು ಹೋದೆ.

ಹೊರಗೆ ಸತ್ತವರನ್ನು ಊರೊಳಗೆ ತರುವಂತಿಲ್ಲ. ಹೋದ ವರ್ಷ ಒಬ್ಬ ವಿಧವೆಯನ್ನು ಊರ ಬಾಗಿಲಲ್ಲೇ ತಡೆದವಳು ನಾನು. ನನ್ನ ಮಗನಿಗೆ ಬೇರೆ ನಿಯಮವಿಲ್ಲ. ಮನೆ ಕಾಣುವಷ್ಟು ದೂರದಲ್ಲಿ, ಮರಳಿನ ಮೇಲೆಯೇ ಸುಟ್ಟೆವು. ಸುಟ್ಟ ದಿನದಿಂದ ಏಳನೆಯ ದಿನ ಭಿಕ್ಷುಗಳಿಗೆ ಊಟವಿದೆ. ನಿನ್ನ ಚಾಪೆ ಹಾಸಿಯೇ ಇರುತ್ತದೆ. ನಿನ್ನ ಗಂಡನಿಗೂ ಮಗುವಿಗೂ ಕೆಡುಕು ತಾಕದಿರಲಿ.

ನಿನ್ನ ತಾಯಿ,
ಮ್ಯಾ ಯಿನ್

ಅಂಚೆಯವನು ಕಾಯುತ್ತಿದ್ದಾನೆ, ಆದರೂ ಇದನ್ನು ಬರೆಯಲೇಬೇಕು. ನೀನು ಹಲ್ಲು ತುಂಬಿಸಿ ಬಸ್ಸು ಹತ್ತಿದ ಸಂಜೆಯೇ ನಾನು ಎಲೆ ಮಡಚಿ ಅವನ ಬಾಯಿಗಿಟ್ಟೆ. "ಅಕ್ಕ ಬೇಡ ಅಂದಿದ್ದಾಳಲ್ಲಮ್ಮಾ" ಅಂದ. "ಈ ಮನೆಯಲ್ಲಿ ಯಾರ ಮಾತು ನಡೆಯೋದು?" ಅಂದೆ. ತಾಯಿ ಕೊಟ್ಟ ಎಲೆಯನ್ನು ಬೇಡವೆನ್ನುವ ಮಗ ನಮ್ಮಲ್ಲಿ ಇಲ್ಲ. ಆಮೇಲೆ ದಿನವೂ ಕೊಟ್ಟೆ. ನಿನ್ನ ಕೆಲಸದಲ್ಲಿ ತಪ್ಪಿರಲಿಲ್ಲ. ಹದಿನೆಂಟು ದಿನ ಕಡಲಲ್ಲಿದ್ದರೂ ಅದು ಕದಲಿರಲಿಲ್ಲ. ನಾನು ಕೆಡಿಸದಿದ್ದರೆ ನನಗೆ ಅವನ ಗುರುತೂ ಸಿಗುತ್ತಿರಲಿಲ್ಲ. ಇದನ್ನು ಹೇಗೆ ಹೊರುವುದೋ ತಿಳಿಯದು. ನಿಶ್ಚಿತಾರ್ಥದಲ್ಲಿ ನಾನಾಡಿದ್ದು ಸುಳ್ಳೆಂದು ಮರಳಿನ ಮೇಲೆ ಊರೆಲ್ಲ ಕೇಳುವಂತೆ ಹೇಳಿದೆ. ನನ್ನ ಅತ್ತೆ ಕೊಟ್ಟ ಅರಗಿನ ಎಲೆಪೆಟ್ಟಿಗೆಯನ್ನು ಅವನ ಎದೆಯ ಮೇಲಿಟ್ಟು ಬೆಂಕಿ ಕೊಟ್ಟೆ.