ದೊಡ್ಡಮ್ಮ ಬಾಲ ಎತ್ತಿದ ಹೊತ್ತು

ತಮಾಬಿನ್ ಹಳ್ಳಿ, ಐರಾವತಿಯ ಪಶ್ಚಿಮ ದಡ
ಪ್ಯಾಥೋ ಮಾಸ, ಹುಣ್ಣಿಮೆ ಕಳೆದು ಹತ್ತನೆಯ ದಿನ

ಪ್ರೀತಿಯ ತಜಿನ್ ಅಪ್ಪನಿಗೆ,

ನಿಮ್ಮ ಓನ್ ಚೀ ಬರೆಯುವುದು. ಆಪರೇಷನ್ ಆದ ಬಲಗಣ್ಣಿನ ಪಟ್ಟಿಯೊಳಗೆ ತುರಿಸುತ್ತಿದೆಯೇ? ಎಷ್ಟೇ ತುರಿಸಲಿ, ಕೈ ಹಾಕಬೇಡಿ. ಸೀನು ಬಂದರೆ ಮೆಲ್ಲಗೆ ಸೀನಿ. ನೀವು ಇಲ್ಲಿ ಸೀನಿದರೆ ಆಚೆ ದಡದ ನಾಯಿಗಳು ಎದ್ದು ಬೊಗಳುತ್ತವೆ, ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರ ಗತಿ ಏನಾಗಬೇಕು? ಚುಟ್ಟಾ ಮುಟ್ಟಬೇಡಿ. ಕೋಣೆಯ ಹೊರಗೆ ಹೋಗಿ ಸೇದಿದರೆ ಲೆಕ್ಕವಿಲ್ಲ ಅನ್ನುವ ನಿಮ್ಮ ನ್ಯಾಯ ಡಾಕ್ಟರ ಹತ್ತಿರ ನಡೆಯುವುದಿಲ್ಲ. ಈ ಕಾಗದವನ್ನು ನಿಮಗೆ ಓದಿ ಹೇಳುವವಳು ನಿಮ್ಮ ತಂಗಿಯೇ ಎಂದು ಗೊತ್ತು. ಟಿನ್ ಶ್ವೇ, ಅಣ್ಣನ ಸಾರಿಗೆ ಖಾರ ಕಮ್ಮಿ ಹಾಕು, ಕಾಗದದ ಖಾರ ಮಾತ್ರ ಕಮ್ಮಿ ಮಾಡಬೇಡ, ಬರೆದದ್ದನ್ನು ಬರೆದ ಹಾಗೇ ಓದು. ಇಲ್ಲಿ ನಾನು, ಮಗಳು ತಜಿನ್ ಇಬ್ಬರೂ ಆರಾಮ. ಬೆಳಗಿನ ಹೊತ್ತು ಮಂಜು ಎಷ್ಟು ದಟ್ಟವೆಂದರೆ ನೀರು ತರಲು ಹೋದವಳು ಪಕ್ಕದ ಮನೆಯ ಮೆಟ್ಟಿಲು ಹತ್ತಿ ಬಂದೆ. ಬಾತುಗಳು ಮತ್ತೆ ಮೊಟ್ಟೆ ಇಡಲು ಶುರುಮಾಡಿವೆ. ಅದರ ಕಥೆಯೂ ಇದೆ, ಆಮೇಲೆ ಹೇಳುತ್ತೇನೆ.

ಇನ್ನು ಸುದ್ದಿ. ನಿನ್ನೆ ಟಿನ್ ಶ್ವೇ ಅಂಗಡಿಗೆ ಫೋನು ಮಾಡಿದ್ದಳು. "ಎಡಗಣ್ಣು ಹಾಗೇ ಇರ್ಲಿ, ಗುರುವಾರದ ದೋಣಿಗೆ ಊರಿಗೆ ಹೋಗ್ತೀನಿ. ಹಡಗಿನವನು ಬಂದಾಗ ನಾನಿಲ್ದೆ ಡಾಲ್ಫಿನ್ ಕರೆಯೋರು ಯಾರಿದ್ದಾರೆ ಅಲ್ಲಿ?" ಎಂದು ಹಟ ಹಿಡಿದು ಕೂತಿದ್ದೀರಂತೆ. ಅಂಗಡಿಯ ಮುಂದೆ ಹತ್ತು ಜೋಡಿ ಕಿವಿ ಇದ್ದವು, ಹ್ಞೂಂ ಹ್ಞೂಂ ಅಂದು ಇಟ್ಟುಬಿಟ್ಟೆ. ಈಗ ಹೇಳುತ್ತೇನೆ. ಹಡಗಿನವನು ಬಂದು ಹೋದ. ಮುಂದಿನ ವಾರ ಬರುತ್ತೇನೆ ಅಂದವನು ಆಚೆಮೊನ್ನೆಯೇ ಬಂದು ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟ. ಹಾಸಿಗೆಯಿಂದ ಏಳಬೇಡಿ, ಪೂರ್ತಿ ಕೇಳಿ.

ಅದೇ ಹುಡುಗ, ನ್ಯಾನ್ ಲಿನ್. ಆ ದೊಡ್ಡ ಪ್ರವಾಸಿ ಹಡಗಿನಲ್ಲಿ ಯಾವ ಊರಿನಲ್ಲಿ ನಿಲ್ಲಬೇಕು, ಜನರಿಗೆ ಏನು ತೋರಿಸಬೇಕು ಎಂದು ನೋಡಿಕೊಳ್ಳುವವನು. ಬಿಳಿ ಅಂಗಿ, ಕೈಯಲ್ಲಿ ರಿಜಿಸ್ಟರು. ಒಳ್ಳೆಯವನೇ, ಉಪ್ಪಿನಕಾಯಿಯ ಹಾಗೆ ಹಾಕಿಟ್ಟ ಚಹಾ ಎಲೆಯನ್ನು ಎರಡು ಸಲ ಕೇಳಿ ತಿಂದ. ತಿಂದ ಮೇಲೆ ಹೇಳಿದ: "ಚಿಕ್ಕಮ್ಮ, ಬೇಜಾರು ಮಾಡ್ಕೋಬೇಡಿ. ಹಡಗು ಇಲ್ಲಿ ನಿಲ್ಲೋದೇ ಎರಡು ಗಂಟೆ. ಮೂರು ಸಲ ಜನರನ್ನ ಕರ್ಕೊಂಡು ಬಂದೆ, ಮೂರು ಸಲವೂ ನೀರು ನೋಡ್ಕೊಂಡು ವಾಪಸ್ ಹೋದ್ರು. ಮೇಲಿನ ಊರಲ್ಲಿ ಮಡಕೆ ಮಾಡೋರಿದ್ದಾರೆ. ಮಡಕೆ ಚಿಕ್ಕಮ್ಮ, ನೀರೊಳಗೆ ಮುಳುಗಿ ಮಾಯ ಆಗಲ್ಲ." ಈ ಸಲ ನಾಲ್ಕೇ ಜನರನ್ನು ಕರೆತರುತ್ತಾನಂತೆ. ಡಾಲ್ಫಿನ್ ನೋಡಲು ಎರಡು ಗಂಟೆ ಕೊಡುವುದು ಲಾಯಕ್ಕೋ ಅಲ್ಲವೋ ಎಂದು ಅವತ್ತೇ ಬರೆಯುತ್ತಾನಂತೆ. ಅಲ್ಲ ಎಂದರೆ ಹಡಗು ತಮಾಬಿನ್‌ನಲ್ಲಿ ನಿಲ್ಲುವುದೇ ಇಲ್ಲ. ನೀವು ಮಂಡಲೆಯಲ್ಲಿದ್ದೀರಿ ಎಂದೆ. "ಹಾಗಾದ್ರೆ ಬೇಡ ಬಿಡಿ" ಎಂದು ಎದ್ದ. ಆ "ಬಿಡಿ" ನನಗೆ ತಡೆದುಕೊಳ್ಳಲಾಗಲಿಲ್ಲ. ನಿಮ್ಮ ಅಜ್ಜನ ಕಾಲದಿಂದ ಈ ದಡದಲ್ಲಿ ಡಾಲ್ಫಿನ್ ಕರೆದು ಮೀನು ಹಿಡಿದವರು ನಾವು, ಕೊನೆಗೆ ಮಡಕೆಗೆ ಸೋಲುವುದೇ? "ನಾಳೆ ಬೆಳಿಗ್ಗೆ ಎಂಟಕ್ಕೆ ಬಾ, ದೋಣಿ ಸಿದ್ಧ ಇರುತ್ತೆ" ಅಂದುಬಿಟ್ಟೆ.

ಅಂದಮೇಲೆ ಯೋಚನೆ ಹತ್ತಿತು. ಹಿಂದೆ ಕೂತು ಹುಟ್ಟು ಹಾಕುವುದಕ್ಕೆ ನಾನಿದ್ದೇನೆ, ಇಪ್ಪತ್ತಾರು ವರ್ಷ ನಿಮ್ಮ ಬೆನ್ನು ನೋಡಿಕೊಂಡು ಹಾಕಿದ್ದೇನೆ. ಮುಂದೆ ನಿಂತು ಕರೆಯುವವರು ಯಾರು, ಬಲೆ ಬೀಸುವವರು ಯಾರು? ಆಗ ಒಳಗಿನಿಂದ ನಿಮ್ಮ ಮಗಳು ಬಂದಳು. ಗೂಟದಿಂದ ನಿಮ್ಮ ಬೀಸುಬಲೆ ಇಳಿಸಿ ಸೀಸದ ಗುಂಡುಗಳನ್ನು ಒಂದೊಂದಾಗಿ ಮುಟ್ಟಿ ನೋಡಲು ಕೂತಳು. "ಇದೇನೇ?" ಅಂದೆ. "ಅಮ್ಮ, ನಂಗೆ ಬರುತ್ತೆ" ಅಂದಳು. ಯಾವಾಗ ಕಲಿತೆ ಅಂದರೆ, ದಡದಲ್ಲಿ ಬಟ್ಟೆ ಒಗೆಯುತ್ತಾ ಅಪ್ಪನನ್ನು ನೋಡಿ ಕಲಿತೆ ಅನ್ನುತ್ತಾಳೆ. ಅಭ್ಯಾಸ ಮಾಡಿದ್ದು ಎಲ್ಲಿ ಗೊತ್ತೇ? ಹಿತ್ತಲಿನಲ್ಲಿ, ಹರಕು ಬಲೆ ತೆಗೆದುಕೊಂಡು, ಬಾತುಗಳ ಮೇಲೆ! ನಾವು ಮೊಟ್ಟೆ ಇಲ್ಲ ಮೊಟ್ಟೆ ಇಲ್ಲ ಎಂದು ಹಾವಿಗೆ ಶಾಪ ಹಾಕಿದೆವಲ್ಲ, ಪಾಪದ ಹಾವು. ನಗಬೇಡಿ, ಕಣ್ಣಿಗೆ ಆಯಾಸ.

ದೋಣಿಯ ಮೂತಿಯ ಮೇಲೆ ಹೆಣ್ಣು ಕಾಲಿಡಬಾರದು ಎಂದು ನನಗೆ ಗೊತ್ತಿಲ್ಲವೇ? ಮದುವೆಯಾಗಿ ಬಂದ ಮೊದಲ ದಿನವೇ ನಿಮ್ಮ ಅಮ್ಮ ಹೇಳಿಕೊಟ್ಟ ಪಾಠ ಅದು, ಅಲ್ಲಿ ಹೊಳೆಯ ದೇವರಿದ್ದಾನೆ ಎಂದು. ಅದಕ್ಕೇ ನಸುಕಿನಲ್ಲೇ ಎದ್ದು ಮೂತಿಗೆ ಹಸಿರೆಲೆ ಕಟ್ಟಿ, ತೆಂಗಿನಕಾಯಿ ಬಾಳೆಹಣ್ಣು ಇಟ್ಟು ಕೈಮುಗಿದೆ. "ಮಗುವಿನ ತಪ್ಪಲ್ಲ ಸ್ವಾಮಿ, ಕಳಿಸ್ತಿರೋಳು ನಾನು, ಸಿಟ್ಟಿದ್ರೆ ನನ್ನ ಮೇಲೆ ತೀರಿಸ್ಕೋ" ಎಂದು ಬೇಡಿಕೊಂಡೆ. ನಾನು ಕಣ್ಣು ತೆರೆಯುವಷ್ಟರಲ್ಲಿ ದಡದ ಮೇಲೆ ನಿಮ್ಮ ಗೆಳೆಯ ಪೋ ಟೋಕ್ ಹಾಜರ್. ಆ ಮನುಷ್ಯನಿಗೆ ನಿದ್ದೆಯೇ ಇಲ್ಲವೇನೋ! "ಏನಮ್ಮ ಓನ್ ಚೀ, ಮೂತಿ ಮೇಲೆ ಹುಡುಗಿ ನಿಲ್ಲಿಸ್ತೀಯಂತೆ? ಮೀನಿರಲಿ, ಕಪ್ಪೆನೂ ಹತ್ತಿರ ಬರಲ್ಲ ನೋಡ್ತಿರು" ಎಂದ. "ನಿನ್ನ ದೋಣಿ ಮೇಲೆ ಗಂಡಸೇ ನಿಂತಿರೋದಲ್ವಾ, ಹೋದ ವಾರ ಎಷ್ಟು ಹಿಡಿದೆ?" ಎಂದೆ. ಗೊಣಗುತ್ತಾ ತಿರುಗಿಕೊಂಡ. ಆದರೂ ತಮಾಷೆ ನೋಡಲು ತನ್ನ ದೋಣಿ ಹತ್ತಿ ನಮ್ಮ ಹಿಂದೆಯೇ ಬಂದ.

ತಜಿನ್ ಕೆನ್ನೆ ತುಂಬ ತನಾಖಾ ತೊಗಟೆ ತೇಯ್ದ ಗಂಧ ಹಚ್ಚಿಕೊಂಡು, ಲುಂಗಿ ಮೊಳಕಾಲಿಗೆ ಕಟ್ಟಿ, ಹತ್ತುವ ಮೊದಲು ದೋಣಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಮ್ಮ ಹಿಂದೆ ನೋಡುವವರ ದೋಣಿ. ಅದರಲ್ಲಿ ನ್ಯಾನ್ ಲಿನ್, ಉದ್ದಕ್ಕಿರುವ ಗಂಡ ಹೆಂಡತಿ, ದೊಡ್ಡ ಕ್ಯಾಮೆರಾದ ಒಬ್ಬ ದಪ್ಪ ಮನುಷ್ಯ, ಒಣಹುಲ್ಲಿನ ಟೋಪಿಯ ಒಬ್ಬ ಅಜ್ಜಿ. ಮಂಜು ಸರಿದ ಮೇಲೆ ನಿಮ್ಮ ಮಗಳು ನಿಮ್ಮ ಮೊನೆಕೋಲಿನಿಂದ ದೋಣಿಯ ಅಂಚಿಗೆ ಬಡಿದಳು. ಮೂರು, ಬಿಟ್ಟು ಒಂದು, ಮತ್ತೆ ಮೂರು. ಆಮೇಲೆ ಗಂಟಲಿನಿಂದ ಗುರ್ರ್ ಎಂದು ಕರೆದಳು. ಆ ದನಿ ಕೇಳಿ ನನ್ನ ಕೈಯಲ್ಲಿದ್ದ ಹುಟ್ಟು ನಿಂತುಹೋಯಿತು. ಥೇಟ್ ನಿಮ್ಮದೇ ಕರೆ, ಎಳೆಯ ಗಂಟಲಿನಲ್ಲಿ. ಕಣ್ಣು ಮುಚ್ಚಿದ್ದರೆ ನೀವು ಇಪ್ಪತ್ತರ ಹುಡುಗನಾಗಿ ನಿಂತಿದ್ದೀರಿ ಅನ್ನುತ್ತಿದ್ದೆ.

ಅರ್ಧ ಗಂಟೆ ಏನೂ ಇಲ್ಲ. ಮುಕ್ಕಾಲು ಗಂಟೆ. ದಪ್ಪ ಮನುಷ್ಯ ಆಕಳಿಸಿದ. ನ್ಯಾನ್ ಲಿನ್ ಗಡಿಯಾರ ನೋಡಿದ, ಮತ್ತೆ ನೋಡಿದ. ಒಂದು ಗಂಟೆಯಾದ ಮೇಲೆ ಪೋ ಟೋಕ್ ದೋಣಿ ಹತ್ತಿರ ತಂದು ಪಿಸುಗುಟ್ಟಿದ: "ಏಯ್ ಹುಡುಗಿ, ಸುಮ್ನೆ ಒಂದು ಬಲೆ ಎಸಿಯೇ. ನಾಲ್ಕು ಮೀನು ಬಿದ್ರೆ ಡಾಲ್ಫಿನ್ ಓಡಿಸ್ಕೊಂಡು ಬಂತು ಅಂದ್ರಾಯ್ತು. ಇವರಿಗೇನು ಗೊತ್ತಾಗುತ್ತೆ?" ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ನಾನೂ "ಎಸೆದುಬಿಡೇ ತಜಿನ್" ಅಂದೆ. ಹಡಗು ಹೋಗಿಬಿಡುತ್ತದಲ್ಲ ಎಂಬ ಸಂಕಟಕ್ಕೆ ಬಾಯಿಂದ ಬಂದುಬಿಟ್ಟಿತು. ಅವಳು ತಿರುಗಿ ನನ್ನನ್ನು ನೋಡಿದ ನೋಟ ಸಾಯುವವರೆಗೆ ಮರೆಯುವುದಿಲ್ಲ. "ಅಮ್ಮ, ಬಾ ಅಂತ ಕರೆದು, ದೊಡ್ಡಮ್ಮ ಬಾಲ ಎತ್ತಿ ಹೇಳೋ ಮುಂಚೆ ಬಲೆ ಎಸೆದ್ರೆ ಅದು ಸುಳ್ಳಾಗಲ್ವಾ? ನಾಳೆ ನಮ್ಮ ಕರೆ ನಂಬ್ತಾಳಾ? ಬಾಲ ಕಾಣದೆ ಅಪ್ಪ ಎಸೀತಿದ್ರಾ?" ಎಂದಳು. ಪೋ ಟೋಕ್‌ನ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ನಾಚಿಕೆಯೂ ಆಯಿತು, ಎದೆ ಇಷ್ಟು ಅಗಲವೂ ಆಯಿತು. ಹಡಗು ಹೋದರೆ ಹೋಗಲಿ ಅನ್ನಿಸಿತು.

ಆಗಲೇ ಬಂದಳು ನಮ್ಮ ಡಾಲ್ಫಿನ್ ದೊಡ್ಡಮ್ಮ. ಬೆನ್ನಿನ ಹರಿದ ರೆಕ್ಕೆ ನೋಡಿಯೇ ಗುರುತು ಹಿಡಿದೆ. ಈ ಸಲ ಮಗ್ಗುಲಲ್ಲಿ ಮರಿಯೂ ಇದೆ! ಫುಸ್ ಎಂದು ಉಸಿರು ಬಿಟ್ಟು, ದೋಣಿಯನ್ನು ಒಂದು ಸುತ್ತು ಹಾಕಿದಳು. ಮೂತಿಯ ಹತ್ತಿರ ತಲೆ ಎತ್ತಿ ನೋಡಿದಳು. ನಿಮ್ಮನ್ನು ಹುಡುಕಿದಳು ರೀ, ನನಗೆ ಹಾಗೇ ಅನ್ನಿಸಿತು. ತಜಿನ್ ಮೆಲ್ಲಗೆ ಮತ್ತೆ ಕರೆದಳು. ದೊಡ್ಡಮ್ಮ ಒಪ್ಪಿದಳು. ಅರ್ಧಚಂದ್ರದ ಹಾಗೆ ಬಳಸಿಕೊಂಡು ಮೀನಿನ ಹಿಂಡನ್ನು ನಮ್ಮ ಕಡೆಗೆ ದಬ್ಬಿ ತಂದಳು, ನೀರೆಲ್ಲ ಅಕ್ಕಿ ಕುದಿದ ಹಾಗೆ ಕುದಿಯಿತು. ಬಾಲ ಎತ್ತಿದಳು. ಆ ಬಾಲ ನೀರಿಗೆ ಬೀಳುವ ಮೊದಲೇ ಬಲೆ ಗಾಳಿಯಲ್ಲಿತ್ತು! ಗುಂಡಗೆ, ಪೂರ್ತಿ ತೆರೆದು, ಒಂದು ಮಡಿಕೆ ಇಲ್ಲದೆ ಬಿತ್ತು. ತಪ್ಪಿಸಿಕೊಂಡ ಮೀನುಗಳನ್ನು ತಾಯಿ ಮರಿ ಎರಡೂ ಅಲ್ಲೇ ಹಿಡಿದು ನುಂಗಿದವು, ಅವರ ಪಾಲು ಅವರಿಗೆ. ನಮಗೆ ಸಿಕ್ಕಿದ್ದು ಬುಟ್ಟಿಯ ಕಾಲು ಭಾಗ, ಅದರಲ್ಲಿ ಒಂದು ಹಳೆಯ ಚಪ್ಪಲಿ. ಆದರೂ ನನ್ನ ಕಣ್ಣಿಗೆ ಅದು ಹೊಳೆಯ ಅರ್ಧ ಮೀನು.

ಕ್ಯಾಮೆರಾದವನು ಅದೇ ಹೊತ್ತಿಗೆ ಬ್ಯಾಟರಿ ಬದಲಿಸುತ್ತಿದ್ದನಂತೆ, ತಲೆ ಚಚ್ಚಿಕೊಂಡ. ಟೋಪಿಯ ಅಜ್ಜಿ ಅಳುತ್ತಾ ಚಪ್ಪಾಳೆ ತಟ್ಟಿದಳು. ನ್ಯಾನ್ ಲಿನ್ ಮಾತ್ರ ಬಿಳಿ ಅಂಗಿ ತೊಪ್ಪೆಯಾದದ್ದೂ ಗೊತ್ತಿಲ್ಲದೆ "ನೋಡಿದ್ರಾ ಚಿಕ್ಕಮ್ಮ, ನೋಡಿದ್ರಾ!" ಎಂದು ನನಗೇ ತೋರಿಸಿದ. ದಡಕ್ಕೆ ಬಂದು ರಿಜಿಸ್ಟರು ತೆಗೆದ. "ಇವರು ಆ ಬಲೆ ಎಸೆದಿದ್ರೆ ನಾನು ಅಲ್ಲೇ ಬೇಡ ಅಂತ ಬರೀತಿದ್ದೆ" ಎಂದ. ಪಿಸುಮಾತು ಅವನ ಕಿವಿಗೂ ಬಿದ್ದಿತ್ತು! ಪೋ ಟೋಕ್ ಅಲ್ಲಿಂದ ಹೋದವನು ಇನ್ನೂ ಕಾಣಿಸಿಲ್ಲ. "ಲಾಯಕ್ಕು, ಎರಡು ಗಂಟೆ ಸಾಲದು, ಮೂರು ಕೊಡಬೇಕು" ಎಂದು ಬರೆದ. ದೋಣಿಯ ಮುಖ್ಯಸ್ಥರು ಯಾರು ಎಂದು ಕೇಳಿದ. ನಿಮ್ಮ ಮಗಳು "ಮೊದಲು ಅಪ್ಪನ ಹೆಸರು ಬರೀರಿ" ಎಂದು ಅವನ ಮುಂದೆ ನಿಂತೇ ಬರೆಸಿದಳು. ಉ ಸಾನ್ ಲ್ವಿನ್, ಕೆಳಗೆ ಅವರ ಮಗಳು ತಜಿನ್. ಊರಿನವರು ಈಗ ನನ್ನನ್ನು ನೋಡಿದರೆ ತಾವೇ ಮೊದಲು ಮಾತಾಡಿಸುತ್ತಾರೆ. ನಾನೂ ಸ್ವಲ್ಪ ನಿಧಾನವಾಗಿಯೇ ನಡೆಯುತ್ತಿದ್ದೇನೆ.

ಬುದ್ಧ ಭಗವಂತ ನಿಮ್ಮನ್ನು ಕಾಪಾಡಲಿ. ಟಿನ್ ಶ್ವೇ ಮನೆಯವರಿಗೆಲ್ಲ ನಮ್ಮ ನೆನಪು ಹೇಳಿ. ಒಣಮೀನು ಕಳಿಸಿದ್ದೇನೆ, ಮೊನ್ನೆಯ ಬಲೆಯದ್ದೇ.

ನಿಮ್ಮ,
ಓನ್ ಚೀ

ಇನ್ನೊಂದು ಮಾತು. ಟಿನ್ ಶ್ವೇ, ಓದುವುದನ್ನು ಇಲ್ಲಿಗೆ ನಿಲ್ಲಿಸು. ಕೆಳಗಿನದು ನಿನಗಲ್ಲ, ಪಕ್ಕದ ಹಾಸಿಗೆಯವರಿಗೂ ಅಲ್ಲ. ಮಡಚಿಡು, ನಾಳಿದ್ದು ಪಟ್ಟಿ ಬಿಚ್ಚಿದ ಮೇಲೆ ಅಣ್ಣನ ಕೈಗೇ ಕೊಡು.

ತಜಿನ್ ಅಪ್ಪ, ಕಾಗದ ಒಯ್ಯುವ ದೋಣಿ ಹೊರಡುತ್ತಿದೆ, ಬೇಗ ಬರೆಯುತ್ತೇನೆ. ಆ ಮೂರು ಸಲ ದೊಡ್ಡಮ್ಮನಿಗೆ ಮನಸ್ಸಿರಲಿಲ್ಲ ಎಂದು ನೀವು ಎಲ್ಲರಿಗೂ ಹೇಳಿದಿರಿ, ನಾನೂ ತಲೆಯಾಡಿಸಿದೆ. ಅವಳು ಬಂದಿದ್ದಳು, ನೋಡಿ ರೂಢಿಯಿಲ್ಲದ ಹಡಗಿನವರಿಗೆ ಅದು ಬರೀ ಅಲೆಯ ಹಾಗೆ ಕಂಡಿತು ಅಷ್ಟೇ. ನಿಮ್ಮ ಕರೆಗೆ ಅವಳು ಯಾವತ್ತೂ ತಪ್ಪಿಸಿದವಳಲ್ಲ. ಮೂರು ಸಲವೂ ಬಾಲ ಎತ್ತಿದಳು, ನಾನು ಹಿಂದಿನಿಂದ ನೋಡಿದೆ. ನಿಮಗೆ ಕಾಣಲಿಲ್ಲ. ಕಾಣದೆ ಬಲೆ ಎಸೆಯಲೂ ನಿಮಗೆ ಮನಸ್ಸಾಗಲಿಲ್ಲ, ತೋಳಿನ ಮೇಲೆ ಬಲೆ ಹಿಡಿದು ಸುಮ್ಮನೆ ನಿಂತಿದ್ದಿರಿ. "ಈಗ" ಎನ್ನಲು ನನಗೆ ಬಾಯಿ ಬರಲಿಲ್ಲ. ಅಂದಿದ್ದರೆ ನನಗೆ ಗೊತ್ತಿದೆ ಎಂದು ನಿಮಗೆ ಗೊತ್ತಾಗುತ್ತಿತ್ತು. ದಡದಿಂದ ನೋಡುತ್ತಿದ್ದ ತಜಿನ್‌ಗೂ ಗೊತ್ತು. ಹರಕು ಬಲೆ ಹಿಡಿದು ಬಾತುಗಳ ಹಿಂದೆ ಬಿದ್ದದ್ದು ಆಮೇಲೆ. ಅವಳು ಮೊನ್ನೆ ಎಸೆಯದೆ ನಿಂತಳಲ್ಲ, ಅದು ನಿಮ್ಮನ್ನು ನೋಡಿ ಕಲಿತದ್ದೇ.

ನಮ್ಮ ದೋಣಿಯ ಕೆಲಸ ನಿಂತಿಲ್ಲ, ಹಡಗೂ ಊರಲ್ಲಿ ನಿಲ್ಲುತ್ತದೆ, ಗುರುವಾರ ನೀವು ಬರಬೇಡಿ. ಇದನ್ನು ಒಂದು ಕಣ್ಣಿನಿಂದ ಓದಿದ್ದೀರಿ. ಇನ್ನೊಂದನ್ನೂ ಮಾಡಿಸಿಕೊಂಡು ಬನ್ನಿ. ಆಮೇಲೆ, ಮಗಳನ್ನು ಮೂತಿಯ ಮೇಲೆ ನಿಲ್ಲಿಸಿದ್ದಕ್ಕೆ, ಎರಡೂ ಕಣ್ಣು ದೊಡ್ಡದು ಮಾಡಿಕೊಂಡು ನನ್ನನ್ನು ಬೈಯಿರಿ.