ಗಂಟಿಲ್ಲದ ಸೂಜಿ

ಪುರಸಭೆಯ ಉದ್ಯಾನ ಅಧಿಕಾರಿಗಳಿಗೆ,

ನಮಸ್ಕಾರ. ಗಾಳಿಗೆ ಉರುಳುತ್ತವೆಂದು ನಮ್ಮ ಬೀದಿಯ ಗಾಳಿಮರಗಳನ್ನೆಲ್ಲ ಸೋಮವಾರ ಕಡಿಸುತ್ತೀರಂತೆ. ವಾಚನಾಲಯದ ಮುಂದಿನ ಪುಟ್ಟ ಮರಕ್ಕೂ ಕೆಂಪು ಗುರುತು ಬಿದ್ದಿದೆ. ಅದು ಗಾಳಿಮರವಲ್ಲ, ಪೈನ್.

ಗಾಳಿಮರದ ಎಲೆಯಲ್ಲಿ ಬಿದಿರಿನಂತೆ ಗಂಟುಗಳಿರುತ್ತವೆ. ಎಳೆದರೆ ಗಂಟಿನಲ್ಲಿ ಕಳಚಿಕೊಳ್ಳುತ್ತದೆ. ಇದರ ಸೂಜಿಯಂಥ ಎಲೆಗೆ ಗಂಟಿಲ್ಲ. ಒಂದೇ ಬುಡದಿಂದ ಮೂರು ಮೂರು ಸೂಜಿಗಳು ಹೊರಡುತ್ತವೆ. ಲಕೋಟೆಯಲ್ಲಿ ಒಂದು ಗೊಂಚಲು ಇಟ್ಟಿದ್ದೇನೆ, ಎಳೆದು ನೋಡಿ.

ಇದನ್ನೆಲ್ಲ ನಿಮ್ಮ ಮೇಸ್ತ್ರಿಗೆ ಹೇಳಿದೆ. "ಯಜಮಾನ್ರೇ, ಪಟ್ಟೀಲಿ ಗಾಳಿಮರ ಅಂತಿದೆ. ಅಂದ್ಮೇಲೆ ಅದು ಗಾಳಿಮರವೇ" ಎಂದ. ಹನ್ನೊಂದು ವರ್ಷದ ಹಿಂದೆ ನಮ್ಮ ಬೀದಿಯ ಮೂಲೆಯಲ್ಲಿದ್ದ ಮರ ಒಣಗಿದೆಯೆಂದು ಪಟ್ಟಿಯಲ್ಲಿ ಬರೆದು ಕಡಿಸಿದ್ದೂ ನಿಮ್ಮ ಕಚೇರಿಯೇ. ಮರುತಿಂಗಳು ಅದರ ಬುಡ ಚಿಗುರಿತ್ತು.

ಹಾಗೆಂದು ನಾನೇನೂ ಸರ್ವಜ್ಞನಲ್ಲ. ಮೊದಲು ನಾನೂ ಇದನ್ನು ಗಾಳಿಮರವೆಂದೇ ಕರೆದಿದ್ದೆ. "ಅಷ್ಟೊಂದು ಪುಸ್ತಕ ಓದ್ತೀರಿ, ಒಂದು ಎಲೆ ಎಳೆದು ನೋಡೋಕೆ ಏನು ಕಷ್ಟ ನಿಮಗೆ?" ಎಂದು ನನ್ನ ಹೆಂಡತಿ ಬೈದಿದ್ದಳು. ಇದನ್ನು ನೆಟ್ಟವಳು ಅವಳೇ.

ಈ ಮರ ವರ್ಷಕ್ಕೊಂದು ಸುತ್ತು ಕೊಂಬೆ ಬಿಡುತ್ತದೆ. ಈಗ ಐದು ಸುತ್ತುಗಳಿವೆ. ಕೆಳಗಿನ ಎರಡನ್ನು ಎಣಿಸಿದವಳು ಅವಳು, ಮೇಲಿನ ಮೂರನ್ನು ನಾನೊಬ್ಬನೇ. ಆರನೆಯದಕ್ಕೆ ತುದಿಯಲ್ಲಿ ಮೊಗ್ಗು ಬಂದಿದೆ.

ಸೋಮವಾರದೊಳಗೆ ಗುರುತು ಅಳಿಸಲು ಯಾರನ್ನಾದರೂ ಕಳಿಸಿ. ಬಣ್ಣ ಒರೆಸಿದರೆ ಸಾಕು, ಕೆರೆಯುವುದು ಬೇಡ. ತೊಗಟೆ ಇನ್ನೂ ಎಳೆಯದು.

ಇತಿ,
ವಾಚನಾಲಯದ ಎದುರು ಮನೆಯವನು