ಸದ್ದು ಬರದ ಡ್ರಮ್ಮು

ನೌಬಾದ, ಬೀದರ
ಗುರುವಾರ

ಅಪ್ಪಾ, ಜೈಭೀಮ.

ನೀವು ನನ್ನ ಫೋನು ಎತ್ತದೆ ಹನ್ನೊಂದು ದಿನವಾಯಿತು. ಅಮ್ಮನಿಗೆ ಮಾಡಿದರೆ "ನಿಮ್ಮಪ್ಪ ಪೇಪರ್ ಓದ್ಲಾಕತ್ತಾರ" ಅನ್ನುತ್ತಾಳೆ. ಬೆಳಿಗ್ಗೆಯೂ ಪೇಪರು, ಸಂಜೆಯೂ ಪೇಪರು. ಭಾಲ್ಕಿಯಲ್ಲಿ ಅಷ್ಟೊಂದು ಸುದ್ದಿ ಏನಿದೆ? ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಮಾಸ್ತರರಾಗಿದ್ದವರು, ತಪ್ಪು ಹುಡುಕಲಿಕ್ಕಾದರೂ ಓದುತ್ತೀರಿ.

ನಾನು ಹೇಳಿದ್ದು ಒಂದೇ ಮಾತು: ಎಲೆಕ್ಟ್ರಾನಿಕ್ ಡ್ರಮ್ ಸೆಟ್ ಕೊಳ್ಳುತ್ತೇನೆ, ಕಲಿಯುತ್ತೇನೆ. ನೀವು ಸಿಡಿದೆದ್ದಿರಿ. "ನಿಮ್ಮಜ್ಜ ಹಲಗಿ ಸುಟ್ಟ ಮ್ಯಾಲೇ ನಾವು ಮನಷ್ಯಾರ ಆಗೀವಿ. ನೀ ಮತ್ತ ಅದನ್ನೇ ಮನಿಗಿ ತರ್ತೀ? ತಂದ್ರ ನಾ ಆ ಮನಿ ಹೊಸ್ತಿಲಾ ದಾಟಲ್ಲ."

ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅನ್ನ ಉಣ್ಣುವಾಗ ತಟ್ಟೆ ಬಡಿಯುತ್ತೇನೆ, ಆಫೀಸಿನಲ್ಲಿ ಮೇಜು ಬಡಿಯುತ್ತೇನೆ. ಪಕ್ಕದ ಮೇಜಿನ ತಹಮೀನಾ ನಿನ್ನೆ ನನ್ನ ಎರಡೂ ಕೈ ಹಿಡಿದು ಕೂರಿಸಿದಳು.

ನರಸಿಂಗಜ್ಜನ ಕಥೆ ನನಗೆ ಗೊತ್ತಿಲ್ಲವೇ? ನಮ್ಮೂರು ಡಾಬಕಾದಲ್ಲಿ ಯಾರು ಸತ್ತರೂ, ಯಾರ ಮದುವೆಯಾದರೂ ಕರೆ ಬರುತ್ತಿತ್ತು. ಹೋಗಲೇಬೇಕು. ಬಿಸಿಲಲ್ಲಿ, ಅಂಗಳದ ಹೊರಗೆ ನಿಂತೇ ಹಲಗಿ ಬಾರಿಸಬೇಕು. ಬೌದ್ಧ ದೀಕ್ಷೆ ತೆಗೆದುಕೊಂಡು ಬಂದ ದಿನ ಅಜ್ಜ ಬೆಂಕಿ ಹಚ್ಚಿ, ಯಾವಾಗಲೂ ಚರ್ಮ ಬಿಗಿಯಾಗಲೆಂದು ಕಾಯಿಸುತ್ತಿದ್ದ ಹಲಗಿಯನ್ನು ಬೆಂಕಿಯೊಳಗೇ ಇಟ್ಟುಬಿಟ್ಟ. ಆಗ ನಿಮಗೆ ಏಳು ವರ್ಷ. ಬೇರೆ ಮಕ್ಕಳು ರಾಜ ರಾಣಿಯ ಕಥೆ ಕೇಳಿ ಮಲಗಿದರೆ ನಾನು ಇದನ್ನು ಕೇಳಿ ಮಲಗಿದವಳು.

ಆ ಕಥೆ ಎಷ್ಟು ಒಳಗಿಳಿದಿದೆ ಎಂದರೆ, ಅಂಗಡಿಗೆ ಹೋಗಿ ನಾನು ಮೊದಲು ಕೇಳಿದ್ದು, "ಸದ್ದೇ ಬರದಂಥ ಡ್ರಮ್ ಯಾವುದದ್ರಿ?" ಅಂಗಡಿಯ ಅವಿನಾಶ ಬಿದ್ದು ಬಿದ್ದು ನಕ್ಕ. ಅವನು ಚರ್ಚಿನಲ್ಲಿ ಬಾರಿಸುವ ಹುಡುಗ. "ಅಕ್ಕಾ, ಡ್ರಮ್ ತಗೊಳ್ಳಾಕ ಬಂದು ಸದ್ದು ಬ್ಯಾಡ ಅಂದವ್ರು ನೀವೇ ಮೊದಲ ನೋಡ್ರಿ."

ನಾನು ಫೋನಿನಲ್ಲಿ ವಿಡಿಯೋ ನೋಡಿ ನೋಡಿ ನಾಲ್ಕು ನೂರು ಬಗೆಯ ಸದ್ದಿರುವ ಒಂದು ಸೆಟ್ ಗಟ್ಟಿ ಮಾಡಿಕೊಂಡಿದ್ದೆ. ಅದರ ರಬ್ಬರ್ ಪ್ಯಾಡಿನ ಮೇಲೆ ಹತ್ತು ನಿಮಿಷ ಬಡಿದದ್ದಕ್ಕೇ ಮಣಿಕಟ್ಟು ಝುಂ ಎಂದಿತು. "ಸದ್ದು ಎಷ್ಟವ ಅಂತ ಎಣಿಸಬ್ಯಾಡ್ರಿ, ಕೈಗಿ ಹ್ಯಾಂಗ ಹತ್ತತದ ನೋಡ್ರಿ" ಎಂದು ಅವಿನಾಶ ಬಲೆಯ ಹೊದಿಕೆಯ ಇನ್ನೊಂದನ್ನು ತೋರಿಸಿದ. ಅದರಲ್ಲಿ ಸದ್ದುಗಳು ಕಡಿಮೆ, ಆದರೆ ಕೋಲು ಚರ್ಮದ ಮೇಲೆ ಪುಟಿದಂತೆ ಪುಟಿಯುತ್ತದೆ. ಹೆಡ್‌ಫೋನ್ ಹಾಕಿಕೊಂಡರೆ ಹೊರಗೆ ಟಪ ಟಪ ಅಷ್ಟೇ. ಕಾಲಿನ ಪೆಡಲ್ ಮಾತ್ರ ನೆಲಕ್ಕೆ ಗುದ್ದುತ್ತದಂತೆ. ಕೆಳಗೆ ಎಷ್ಟು ಕೇಳುತ್ತದೆ ನೋಡಲೆಂದು ಮನೆಗೆ ಬಂದು ನಾನು ನೆಲಕ್ಕೆ ಹಿಮ್ಮಡಿ ಬಡಿದೆ, ಕೆಳಗಿನ ಮನೆಯೊಡತಿ ಖುರ್ಷಿದ ಬೇಗಂ ತಮ್ಮ ಛಾವಣಿಗೆ ಕಿವಿ ಕೊಟ್ಟರು. ಮೇಲೆ ಬಂದವರ ಕೈಯಲ್ಲಿ ಹಳೆಯ ಗಾದಿ. "ಇದರ ಮ್ಯಾಲ ಇಟ್ಟು ಬಾರಿಸು ಬೇಟಿ. ಯಾರಿಗಿ ಅಂಜಿ ಇಷ್ಟು ಮುಚ್ಚಿಡ್ತಿ?"

ನಿಮಗೇ ಅಂಜಿ, ಅಪ್ಪಾ. ಬೇರೆ ಯಾರಿಗೂ ಅಲ್ಲ.

ಇನ್ನೊಂದು ಮಾತು. ಸಿಟ್ಟಾದರೂ ಸರಿ, ಹೇಳುತ್ತೇನೆ. ಔರಾದಿನಲ್ಲಿ ಅಶ್ವಜಿತನ ಮದುವೆಯ ದಿನ ಹೊರಗೆ ಬ್ಯಾಂಡು ನಡೆದಿತ್ತು. ನಿಮ್ಮ ಬೆರಳುಗಳು ಮೊಣಕಾಲಿನ ಮೇಲೆ ಆಡುತ್ತಿದ್ದವು. ಬ್ಯಾಂಡಿನ ತಾಳವಲ್ಲ, ಬೇರೆಯದು. ನಾನು ನೋಡಿದ್ದು ತಿಳಿದ ಕೂಡಲೇ ಕೈಯನ್ನು ಜೇಬಿಗೆ ತುರುಕಿಕೊಂಡಿರಿ. ಅರವತ್ತು ವರ್ಷ ದಾಟಿದ ಮನುಷ್ಯ, ಕದ್ದು ಸಿಕ್ಕಿಬಿದ್ದವರ ಹಾಗೆ. ನನಗೆ ಅಳು ಬಂದಿತ್ತು.

ಅಂಗಡಿಯಲ್ಲಿ ಕೋಲು ಹಿಡಿದಾಗ ನನ್ನ ಕೈಗೆ ಬಂದದ್ದು ಅದೇ, ನಿಮ್ಮ ಮೊಣಕಾಲಿನ ಮೇಲಿನ ತಾಳ. ಅರ್ಧಕ್ಕೇ ತಪ್ಪಿತು. ನಮ್ಮವರ ರಕ್ತದಲ್ಲೇ ಇದೆ ಅನ್ನುವವರ ಮಾತು ನನಗೆ ಬೇಡ. ರಕ್ತದಲ್ಲಿದ್ದಿದ್ದರೆ ಹೀಗೆ ತಪ್ಪುತ್ತಿತ್ತೇ? ನಿಮ್ಮ ಬೆರಳು ನೋಡಿ ಕಲಿತೆ, ಉಳಿದರ್ಧ ನೋಡುವುದರೊಳಗೆ ನೀವು ಕೈ ಮುಚ್ಚಿಟ್ಟಿರಿ.

ಭಾನುವಾರ ಬಲೆಯ ಸೆಟ್ಟನ್ನೇ ತರುತ್ತಿದ್ದೇನೆ. ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ಅಜ್ಜ ಸುಟ್ಟದ್ದು ಕರೆದವರ ಬಾಗಿಲಿಗೆ ಹೋಗುವುದನ್ನು ಎಂದು ನಾನು ತಿಳಿದಿದ್ದೇನೆ. ನನ್ನನ್ನು ಯಾರೂ ಕರೆದಿಲ್ಲ. ಸೆಟ್ಟಿನ ಜೊತೆ ಸ್ಟೂಲು ಬರುವುದಿಲ್ಲವಂತೆ. "ಸದ್ಯ ಮನ್ಯಾಗಿನ ಕುರ್ಚಿ ನಡೀತದ್ರಿ" ಎಂದ ಅವಿನಾಶ. ನಾನು ಒಪ್ಪಲಿಲ್ಲ. ಇದ್ದುದರಲ್ಲೇ ಗಟ್ಟಿ ಕಾಲಿನ, ಮೆತ್ತನೆಯ ಸ್ಟೂಲು ಆರಿಸಿಟ್ಟು ಬಂದಿದ್ದೇನೆ. ನಮ್ಮ ಮನೆತನದಲ್ಲಿ ಇನ್ನೂ ಯಾರೂ ಕೂತು ಬಾರಿಸಿಲ್ಲ.

ನೀವು ಬರುವವರೆಗೆ ನಾನೂ ಆ ಸ್ಟೂಲಿನ ಮೇಲೆ ಕೂರುವುದಿಲ್ಲ. ಆಟವಲ್ಲ, ನಿಂತೇ ಕಲಿಯುತ್ತೇನೆ. ಮಗಳನ್ನು ಎಷ್ಟು ದಿನ ನಿಲ್ಲಿಸುತ್ತೀರಿ, ನೋಡಿಯೇ ಬಿಡೋಣ.

ನಿಮ್ಮ ಮೊಣಕಾಲಿಗೂ ಬೆರಳುಗಳಿಗೂ ಒಳ್ಳೆಯದಾಗಲಿ.

ಕೈ ಸುಮ್ಮನಿರದ ನಿಮ್ಮ ಮಗಳು,
ವಿಶಾಖಾ